ಪ್ಯಾಡ್ ಥಾಯ್ ಮುದ್ದೆಯಾಗೋದು, ಫೋ ಸಾರು ಕದಡೋದು ಯಾಕೆ?

[ತೆರೆಯ ಮೇಲೆ: ಬಾಣಲೆಯಲ್ಲಿ ಅಂಟಿ ಮುದ್ದೆಯಾದ ನೂಡಲ್ಸ್]

ಮನೇಲಿ ಮಾಡಿದ ಪ್ಯಾಡ್ ಥಾಯ್ ಹೀಗಾದ್ರೆ ಎಲ್ಲರೂ ಸಾಸ್ ಮೇಲೆ ತಪ್ಪು ಹಾಕ್ತಾರೆ. ಬಹಳ ಸಲ ತಪ್ಪಿರೋದು ನೂಡಲ್ಸ್ ನೆನೆಸಿದ ನೀರಿನಲ್ಲಿ. ಥಾಯ್ಲೆಂಡಿನ ಹುರಿದ ನೂಡಲ್ಸ್ ಆದ ಪ್ಯಾಡ್ ಥಾಯ್‌ಗೂ ವಿಯೆಟ್ನಾಮಿನ ಸಾರಿನ ನೂಡಲ್ಸ್ ಆದ ಫೋಗೂ ಬೇಕಾಗೋದು ಅಕ್ಕಿಯ ಚಪ್ಪಟೆ ನೂಡಲ್ಸ್. ಗೋಧಿ ನೂಡಲ್ಸನ್ನ ಕುದಿಸಿದರೂ ಗ್ಲುಟನ್ ಅನ್ನೋ ಅಂಟು ಪ್ರೋಟೀನ್ ಎಳೆಯನ್ನ ಹಿಡಿದಿಡುತ್ತೆ. ಅಕ್ಕಿಯಲ್ಲಿ ಗ್ಲುಟನ್ ಇಲ್ಲ. ಕುದಿಯೋ ನೀರು ಸುರಿದರೆ ಹೊರಮೈಯ ಪಿಷ್ಟ ಉಬ್ಬಿ ಅಂಟಾಗುತ್ತೆ, ಒಳಗೆ ಇನ್ನೂ ಗಟ್ಟಿಯಾಗೇ ಇರುತ್ತೆ.

ಹಾಗಾಗಿ ತಣ್ಣೀರು. ಎರಡು ತಟ್ಟೆಗೆ 150 ಗ್ರಾಂ ಒಣ ನೂಡಲ್ಸ್, ಅಗಲ 3ರಿಂದ 5 ಮಿಲಿಮೀಟರ್. 30ರಿಂದ 40 ನಿಮಿಷ ನೆನೆಸಿ. ಬೆರಳಿಗೆ ಸುತ್ತಿದರೆ ಮುರಿಯಬಾರದು, ಕಚ್ಚಿದರೆ ನಡುವೆ ಗಟ್ಟಿ ಸಿಗಬೇಕು. ಮಿಕ್ಕಿದ್ದು ಬಾಣಲೆಯಲ್ಲಿ ಸಾಸ್ ಹೀರಿಕೊಂಡೇ ಬೇಯಬೇಕು. ನೂಡಲ್ಸ್‌ಗೆ ರುಚಿ ಹತ್ತೋದು ಆವಾಗಲೇ.

[ಕ್ಲೋಸಪ್: ಹುಣಸೆ ತಿರುಳು]

ಸಾಸ್‌ಗೆ ಗಟ್ಟಿ ಹುಣಸೆ ತಿರುಳು 3 ದೊಡ್ಡ ಚಮಚ, ಅದೇ ಚಮಚದಲ್ಲಿ ತಾಳೆ ಬೆಲ್ಲ 3, ಫಿಶ್ ಸಾಸ್ (ಮೀನನ್ನ ಉಪ್ಪಲ್ಲಿ ಹುದುಗಿಸಿ ತೆಗೆದ ರಸ) ಎರಡೂವರೆ. ಸಣ್ಣ ಉರಿಯಲ್ಲಿ ಬೆಲ್ಲ ಕರಗಿದರೆ ಸಾಕು. ತಿಳಿಸಾರಿಗೆ ಹಿಂಡೋ ತೆಳು ಹುಣಸೆ ರಸ ಇಲ್ಲಿಗಾಗಲ್ಲ. ಆ ನೀರೆಲ್ಲ ಆರೋ ಹೊತ್ತಿಗೆ ನೂಡಲ್ಸ್ ಬೆಂದು ಒಡೆದಿರುತ್ತೆ. ಹಳೇ ಕಪ್ಪು ಹುಣಸೆ ಹಾಕಿದರೆ ಬಣ್ಣ ಕಪ್ಪಾಗುತ್ತೆ, ಹೊಸದನ್ನೇ ತಗೊಳ್ಳಿ. ಬಾಟಲಿಯ ಕಪ್ಪು ಪೇಸ್ಟ್ ಆದ್ರೆ 1 ಚಮಚಕ್ಕೆ 2 ಚಮಚ ನೀರು ಬೆರೆಸಿ. ಹುಣಸೆ ಬದಲು ಟೊಮೆಟೊ ಕೆಚಪ್ ಮಾತ್ರ ಬೇಡ, ಅದು ಬೇರೆ ತಿಂಡಿಯೇ ಆಗಿಬಿಡುತ್ತೆ.

ಈಗ ಬಾಣಲೆ, ಜೋರು ಉರಿ. ಒಂದು ಸಲಕ್ಕೆ ಒಂದೇ ತಟ್ಟೆಯಷ್ಟು. ನಾಲ್ಕು ಜನಕ್ಕೆ ಒಟ್ಟಿಗೆ ಹಾಕಿದರೆ ಬಾಣಲೆ ತಣ್ಣಗಾಗಿ ಎಲ್ಲ ಹಬೆಯಲ್ಲಿ ಬೇಯುತ್ತೆ, ಹುರಿದ ವಾಸನೆ ಬರೋದೇ ಇಲ್ಲ. ಸಿಗಡಿ ಹುರಿದು ಪಕ್ಕಕ್ಕಿಡಿ. ಎಣ್ಣೆಗೆ ಸಣ್ಣ ಈರುಳ್ಳಿ, ಗಟ್ಟಿ ತೋಫು (ಸೋಯಾ ಪನೀರ್) ತುಂಡು, ಇದ್ದರೆ ಒಣ ಸಿಗಡಿ ಹಾಕಿ. ಅರ್ಧ ನೂಡಲ್ಸ್, ಅರ್ಧ ಸಾಸ್, 3 ಚಮಚ ನೀರು. ಮೆತ್ತಗಾಗದಿದ್ದರೆ ಇನ್ನೊಂದು ಚಮಚ ನೀರು ಹಾಕಿ, ಸಾಸ್ ಹೆಚ್ಚಿಸಬೇಡಿ. ಬದಿಗೆ ಸರಿಸಿ ಒಂದು ಮೊಟ್ಟೆ ಒಡೆದು, ಅರ್ಧ ಗಟ್ಟಿಯಾದ ಮೇಲೆ ಕಲಸಿ. ಸಿಗಡಿ, ಹೆಸರುಕಾಳಿನ ಉದ್ದ ಮೊಳಕೆ ಸೇರಿಸಿ ಉರಿ ಆರಿಸಿ. ಮೇಲೆ ಕುಟ್ಟಿದ ಕಡಲೆಬೀಜ, ಪಕ್ಕದಲ್ಲಿ ನಿಂಬೆ.

ಮೀನು ತಿನ್ನದವರು ಫಿಶ್ ಸಾಸ್ ಬದಲು ಲೈಟ್ ಸೋಯಾ ಸಾಸ್, ಚಿಟಿಕೆ ಉಪ್ಪು ಹಾಕಿ, ಸಿಗಡಿ ಬಿಡಿ.

[ದೃಶ್ಯ: ತಿಳಿಯಾದ ಫೋ ಸಾರು]

ಫೋ ಉತ್ತರ ವಿಯೆಟ್ನಾಮಿನ ಅಡುಗೆ. ಕೋಳಿ ಫೋ ಮನೆಗೆ ಸುಲಭ. ಒಂದೂವರೆ ಕಿಲೋ ಇಡೀ ಕೋಳಿಗೆ 4 ಲೀಟರ್ ನೀರು. ಒಂದು ಈರುಳ್ಳಿ, 50 ಗ್ರಾಂ ಶುಂಠಿಯನ್ನ ನೇರ ಉರಿ ಮೇಲೆ ಕಪ್ಪಾಗೋ ಹಾಗೆ ಸುಟ್ಟು, ಕರಕಲು ಉಜ್ಜಿ ತೆಗೆದು ಹಾಕಿ. ಸಾರು ಕೊತಕೊತ ಕುದಿಯಬಾರದು. ಕುದ್ದರೆ ಕೊಬ್ಬು ಒಡೆದು ನೀರಿಗೆ ಬೆರೆತು ಕದಡುತ್ತೆ, ಆಮೇಲೆ ಸೋಸಿದರೂ ತಿಳಿಯಾಗಲ್ಲ. ಮುಚ್ಚಳ ಬೇಡ, ನೊರೆ ತೆಗೀತಾ ಇರಿ. ಸುಮಾರು 45 ನಿಮಿಷಕ್ಕೆ ಕೋಳಿ ಬೆಂದಿರುತ್ತೆ. ಮಾಂಸ ಬಿಡಿಸಿ, ಮೂಳೆ ವಾಪಸ್ ಹಾಕಿ ಇನ್ನೊಂದು ಗಂಟೆ ಇಡಿ. ಹುರಿದ ಕೊತ್ತಂಬರಿ ಬೀಜ 1 ಚಮಚ, ಚಕ್ರಮೊಗ್ಗು 2, ಲವಂಗ 3, ಚಿಕ್ಕ ಚಕ್ಕೆ ಬಟ್ಟೆಗಂಟಿನಲ್ಲಿ ಕೊನೆಯ ಅರ್ಧ ಗಂಟೆ ಮಾತ್ರ. ಹೆಚ್ಚಾದರೆ ಬಿರಿಯಾನಿ ವಾಸನೆ. ಕೊನೆಗೆ ಫಿಶ್ ಸಾಸ್, ಉಪ್ಪು, ಚೂರು ಕಲ್ಲುಸಕ್ಕರೆ.

ನೂಡಲ್ಸ್ ಇಲ್ಲೂ ತಣ್ಣೀರಲ್ಲೇ ನೆನೆಯಬೇಕು. ಆಮೇಲೆ ಬೇರೆ ಪಾತ್ರೆಯ ಕುದಿಯೋ ನೀರಲ್ಲಿ 10ರಿಂದ 20 ಸೆಕೆಂಡ್ ಅದ್ದಿ ಬಸಿದು ಬಟ್ಟಲಿಗೆ ಹಾಕಿ. ಸಾರಿಗೇ ಹಾಕಿದರೆ ಅಷ್ಟು ಕಷ್ಟಪಟ್ಟು ತಿಳಿ ಮಾಡಿದ್ದು ಪಿಷ್ಟದಿಂದ ಮಂಕಾಗುತ್ತೆ. ಎರಡನೇ ಬಟ್ಟಲು ಬೇಕು ಅನ್ನೋವರಿಗೆ ನೂಡಲ್ಸನ್ನ ಆವಾಗಲೇ ಅದ್ದಿ ಕೊಡಿ, ಮೊದಲೇ ಅದ್ದಿಡಬೇಡಿ.