ಸಿಂಬಳದ ಹುಳುವೂ ಮಿಂಚುಹುಳುವೂ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನವರಿಗೆ ಈ ಪ್ರಾಣಿಯ ಪರಿಚಯ ಮಾಡಿಕೊಡಬೇಕಿಲ್ಲ. ಮಳೆ ಹಿಡಿಯಿತೆಂದರೆ ಬಚ್ಚಲಗೋಡೆ, ಬಾವಿಕಟ್ಟೆ, ಹೂವಿನ ಕುಂಡ, ಎಲ್ಲಿ ಕೈಯಿಟ್ಟರೂ ಲೋಳೆ. ಸಿಂಬಳದ ಹುಳು! ‘ಇಶ್ಶೀ’ ಎಂದು ಕೈ ಒರೆಸಿಕೊಂಡು ಉಪ್ಪಿನ ಡಬ್ಬಿಗೆ ಓಡುವವರೇ ಹೆಚ್ಚು. ನಾನೂ ಓಡಿದ್ದೇನೆ.

ಹೆಸರಿಗೆ ಹುಳು, ನಿಜದಲ್ಲಿ ಬಸವನಹುಳುವಿನ ದಾಯಾದಿ. ಬೆನ್ನ ಮೇಲಿನ ಮನೆ ಬಿಟ್ಟಿದೆ, ಅಷ್ಟೆ. ಮನೆ ಅರ್ಧ ಬಿಟ್ಟದ್ದೂ ಒಂದಿದೆ, ಇಂಡ್ರೆಲ್ಲಾ ಆಂಪುಲ್ಲಾ ಅಂತ. ಚಿಪ್ಪೇನೋ ಉಂಟು, ಮೈ ಪೂರ್ತಿ ಅದರೊಳಗೆ ಹಿಡಿಸದು. ಪಶ್ಚಿಮ ಘಟ್ಟ ಬಿಟ್ಟರೆ ಅದು ಬೇರೆಲ್ಲೂ ಇಲ್ಲ.

ಒಂದು ರಾತ್ರಿ ಟಾರ್ಚ್ ಹಿಡಿದು ಕೊಳೆತ ದಿಮ್ಮಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ತಲೆಯ ಮೇಲೆ ನಾಲ್ಕು ಕೋಡು. ಉದ್ದನೆಯ ಎರಡರ ತುದಿಗೆ ಕಣ್ಣು. ಬಾಯೊಳಗೆ ಸಾವಿರಾರು ಸಣ್ಣ ಹಲ್ಲುಗಳ ಪಟ್ಟಿ. ನಾವು ಕಾಯಿ ತುರಿದಂತೆ ಅದು ತರಗೆಲೆ, ಪಾಚಿ, ಅಣಬೆಗಳನ್ನು ತುರಿತುರಿದು ತಿನ್ನುತ್ತದೆ. ಸತ್ತ ಪ್ರಾಣಿ, ಸಗಣಿ ಯಾವುದನ್ನೂ ಬಿಡುವುದಿಲ್ಲ. ಅದು ಹಿಕ್ಕೆಯಾಗಿ ಬಿಟ್ಟದ್ದನ್ನು ಮಣ್ಣಿನ ಸೂಕ್ಷ್ಮಜೀವಿಗಳು ಬೇಗ ಕರಗಿಸುತ್ತವೆ. ತಿಂದ ಅಣಬೆಯ ಬೀಜಕಣಗಳು ಎಷ್ಟೋ ಸಲ ಹೊಟ್ಟೆಯಲ್ಲಿ ಸಾಯದೆ, ಇನ್ನೊಂದು ದಿಮ್ಮಿಯ ಬುಡಕ್ಕೆ ಹೋಗಿ ಬೀಳುತ್ತವೆ.

ಅಡಿಕೆಯ ಹಿಂಗಾರ ತಿಂದು ಹಾಳುಮಾಡುವ ಜಾತಿಯೂ ಇದೆ. ತೋಟದವರ ಸಿಟ್ಟು ಸುಳ್ಳಲ್ಲ. ಆದರೆ ವಿಷದ ಗುಳಿಗೆ ಹುಳುವನ್ನಷ್ಟೇ ಕೊಂದು ಸುಮ್ಮನಿರುವುದಿಲ್ಲ. ಹಕ್ಕಿಗಳಿಗೂ ಕಾಡುಪ್ರಾಣಿಗಳಿಗೂ ಅಪಾಯವೆಂದು ಬ್ರಿಟನ್ನಿನಲ್ಲಿ ಮೆಟಾಲ್ಡಿಹೈಡ್ ಗುಳಿಗೆಯನ್ನು ಹೊರಾಂಗಣದಲ್ಲಿ ಬಳಸುವುದನ್ನೇ 2022ರಲ್ಲಿ ನಿಲ್ಲಿಸಿದರು.

ಇನ್ನು ನನಗೆ ಬಲು ಇಷ್ಟದ ಸಂಗತಿ. ಮುಂಗಾರು ಬರುವ ಮೊದಲು ಘಟ್ಟದ ಕಾಡಿನಲ್ಲಿ ಮರಕ್ಕೆ ಮರವೇ ಹೊತ್ತಿಕೊಂಡಂತೆ ಮಿನುಗುವ ಮಿಂಚುಹುಳುಗಳನ್ನು ನೀವು ನೋಡಿರುತ್ತೀರಿ. ರೆಕ್ಕೆ ಬರುವ ಮುಂಚೆ, ಮರಿಹುಳುವಾಗಿ ನೆಲದಲ್ಲಿ ತೆವಳುವಾಗ, ಅವುಗಳಲ್ಲಿ ಅನೇಕ ಜಾತಿಗಳ ಊಟ ಬಸವನಹುಳು ಮತ್ತು ಸಿಂಬಳದ ಹುಳು. ಲೋಳೆಯ ಜಾಡು ಹಿಡಿದು ಹೋಗಿ ಕಚ್ಚಿ, ವಿಷವಿಳಿಸಿ ಮರಗಟ್ಟಿಸಿ, ಮಾಂಸವನ್ನು ದ್ರವಮಾಡಿ ಹೀರುತ್ತವೆ. ಮೊಬೈಲಿನಲ್ಲಿ ನಾವು ಹಿಡಿಯಲು ಹೆಣಗುವ ಆ ಬೆಳಕಿನ ಬಂಡವಾಳ ಬಹುಪಾಲು ಲೋಳೆಯೇ!

ಇದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಒಳಗೇ ಉಳಿದಿದೆ. ಹುಳುಗಳನ್ನು ರಾತ್ರಿ ಕಡ್ಡಿಯಲ್ಲಿ ಹೆಕ್ಕಿ ಗೊಬ್ಬರದ ಗುಂಡಿಗೆ ಹಾಕಿ ಬರುತ್ತೇವೆ. ಬೆಳಗಾದರೆ ಸಾಕು, ಗುಂಡಿಯ ಅಂಚಿನಲ್ಲಿ ಕೆಂಬೂತವೊಂದು ಹಾಜರು.

ನಮಸ್ಕಾರ.