ಜಾಲಿ ಮುಳ್ಳು ಚುಚ್ಚಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಹೊಲದ ಬದುವಿನ ಮೇಲೆ ಹಿಮ್ಮಡಿಗೆ ಜಾಲಿ ಮುಳ್ಳು ನಾಟಿತು. ಕಿತ್ತೆ, ತುದಿ ಒಳಗೇ ಮುರಿದು ಉಳಿಯಿತು. ಸಂಜೆಗೆ ಆ ಜಾಗ ಕೆಂಪಗಾಗಿ ಬಿಸಿಯೇರಿತು. ಮಾರನೆಯ ದಿನ ಕಾಲು ಊರಲಾಗದಷ್ಟು ಬಾವು. ಮೂರನೆಯ ದಿನ ಕೀವು, ಜೊತೆಗೆ ತೊಡೆಯ ಸಂದಿನಲ್ಲಿ ಹುಣಸೆಬೀಜದ ಗಾತ್ರದ್ದೊಂದು ನೋಯುವ ಗಂಟು. "ಮುಳ್ಳಿನ ನಂಜು ಏರಿದೆ ಕಣೋ" ಅಂದರು ನಮ್ಮ ಚಿಕ್ಕಮ್ಮ. ನಂಜೇನೋ ಹೌದು. ಆದರೆ ಆ ಕೆಂಪು, ಬಿಸಿ, ಬಾವು, ಗಂಟು ಇವನ್ನೆಲ್ಲ ಎಬ್ಬಿಸಿದ್ದು ನನ್ನದೇ ಮೈ. ಇವತ್ತು ನಿಮಗೆ ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

ಮುಳ್ಳಿನ ಜೊತೆ ಮಣ್ಣಿನ ಬ್ಯಾಕ್ಟೀರಿಯಾ ಒಳಹೊಕ್ಕವು. ಚರ್ಮದಡಿ ಸದಾ ಕಾದು ಕೂತಿರುವ ಕೆಲವು ಜೀವಕೋಶಗಳಿವೆ. ಅವು ಬ್ಯಾಕ್ಟೀರಿಯಾದ ಮೈಯನ್ನು ಸೋಕಿ ಗುರುತು ಹಿಡಿದ ಕೂಡಲೇ ರಾಸಾಯನಿಕಗಳನ್ನು ಸುರಿಸುತ್ತವೆ. ಹತ್ತಿರದ ರಕ್ತನಾಳಗಳು ಹಿಗ್ಗುತ್ತವೆ. ಅದಕ್ಕೇ ಕೆಂಪು, ಅದಕ್ಕೇ ಬಿಸಿ. ನಾಳದ ಗೋಡೆ ಸಡಿಲಗೊಂಡು ನೀರು ಒಸರುತ್ತದೆ, ಅದೇ ಬಾವು. ಆ ಸಡಿಲವಾದ ಸಂದುಗಳಲ್ಲೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮೈ ಹಿಂಡಿಕೊಂಡು ಹೊರಗೆ ನುಸುಳಿ, ರಾಸಾಯನಿಕದ ಜಾಡು ಹಿಡಿದು ಮುಳ್ಳಿನತ್ತ ಸಾಗುತ್ತವೆ. ಸಿಕ್ಕ ಬ್ಯಾಕ್ಟೀರಿಯಾವನ್ನು ನುಂಗುತ್ತವೆ. ನುಂಗಿದ್ದನ್ನು ಕೊಲ್ಲುವುದು ಹೇಗೆ ಗೊತ್ತೆ? ಪಂಚಾಯಿತಿಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರಿನಲ್ಲಿ ಹೈಪೋಕ್ಲೋರಸ್ ಆಮ್ಲ ಹುಟ್ಟುತ್ತದಲ್ಲ, ಅದನ್ನೇ ಈ ಕಣ ತನ್ನೊಳಗೆ ತಯಾರಿಸುತ್ತದೆ. ತಯಾರಿಸುವ ಕಿಣ್ವದ ಬಣ್ಣ ಹಸಿರು. ಕೀವಿಗೆ ಹಸಿರು ಛಾಯೆ ಬರುವುದು ಅದರಿಂದ. ಕೀವು ಅಂದರೆ ಬಹುಪಾಲು ಹೀಗೆ ದುಡಿದು ಸತ್ತ ಕಣಗಳೇ. ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಹೊಸ ಕಣಗಳನ್ನು ಹುಟ್ಟಿಸಿ ಕಳಿಸುತ್ತಲೇ ಇರುತ್ತದೆ. ಕೀವು ಕಂಡರೆ ಮುಖ ಸಿಂಡರಿಸುತ್ತಿದ್ದವನು ನಾನು. ಇದು ತಿಳಿದ ಮೇಲೆ ಅದನ್ನು ನೋಡುವ ಕಣ್ಣೇ ಬದಲಾಗಿದೆ.

ಇದು ಮೊದಲು ಮನುಷ್ಯರ ಕಣ್ಣಿಗೆ ಬಿದ್ದದ್ದೂ ಮುಳ್ಳಿನಿಂದಲೇ. 1882ರಲ್ಲಿ ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಸಿಸಿಲಿಯ ಮೆಸ್ಸಿನಾ ಊರಿನಲ್ಲಿದ್ದರು. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋದಾಗ ಇವರೊಬ್ಬರೇ ಸೂಕ್ಷ್ಮದರ್ಶಕದ ಮುಂದೆ ಉಳಿದರು. ನಕ್ಷತ್ರಮೀನಿನ ಮರಿಗಳು ನೀರಿನಂತೆ ತಿಳಿ, ಒಳಗಿನದೆಲ್ಲ ಕಾಣುತ್ತದೆ. ತೋಟದಿಂದ ಗುಲಾಬಿ ಮುಳ್ಳು ತಂದು ಅವುಗಳ ಚರ್ಮದಡಿ ಚುಚ್ಚಿಟ್ಟರು. ಆ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಬೆಳಗಿನ ಜಾವ ಎದ್ದು ನೋಡಿದರೆ, ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿಕೊಂಡು ನಿಂತಿದ್ದವು! 1908ರಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನು ತೊಡೆಸಂದಿನ ಗಂಟು. ಅದು ದುಗ್ಧಗ್ರಂಥಿ. ಗಾಯದಲ್ಲಿದ್ದ ಒಂದು ಬಗೆಯ ಕೋಶ ಬ್ಯಾಕ್ಟೀರಿಯಾದ ಚೂರನ್ನು ಹೊತ್ತು ಅಲ್ಲಿಗೆ ಬರುತ್ತದೆ. ಅಲ್ಲಿ ಟಿ ಕೋಶ, ಬಿ ಕೋಶ ಎಂಬ ಇನ್ನೆರಡು ಬಗೆಯ ಬಿಳಿ ರಕ್ತಕಣಗಳ ಸಂತೆಯೇ ನೆರೆದಿರುತ್ತದೆ. ಒಂದೊಂದಕ್ಕೂ ಹೊಂದುವುದು ಒಂದೊಂದೇ ಆಕಾರ. ತಂದ ಚೂರಿಗೆ ಯಾವುದು ಹೊಂದಿತೋ ಅದು ಎರಡಾಗಿ, ನಾಲ್ಕಾಗಿ, ಸಾವಿರಾರಾಗುತ್ತದೆ. ಗ್ರಂಥಿ ಊದುವುದು ಹಾಗೆ. ಬಿ ಕೋಶಗಳು ಪ್ರತಿಕಾಯಗಳನ್ನು, ಅಂದರೆ ಆ ಬ್ಯಾಕ್ಟೀರಿಯಾಕ್ಕೇ ಹೋಗಿ ಅಂಟಿಕೊಳ್ಳುವ ಪ್ರೋಟೀನುಗಳನ್ನು, ಸುರಿಸತೊಡಗುತ್ತವೆ. ಮೊದಲ ಸಲಕ್ಕೆ ಇದಕ್ಕೆಲ್ಲ ವಾರವಾದರೂ ಬೇಕು. ಕೆಲಸ ತೀರಿದ ಮೇಲೆ ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ನೆನಪು ಹೊತ್ತು ಉಳಿಯುತ್ತವೆ.

ಎಷ್ಟು ಕಾಲದ ನೆನಪು? ಉತ್ತರ ಅಟ್ಲಾಂಟಿಕ್ ಸಾಗರದ ಫೇರೋ ದ್ವೀಪಗಳಲ್ಲಿ 1846ರಲ್ಲಿ ದಡಾರ ಬಂತು. ಸುಮಾರು 7,800 ಜನರಲ್ಲಿ 6,000ದಷ್ಟು ಮಂದಿ ಮಲಗಿದರು. ಪೀಟರ್ ಪಾನುಮ್ ಎಂಬ ಎಳೆಯ ವೈದ್ಯರು ಮನೆಮನೆ ಸುತ್ತಿ ವಿಚಾರಿಸಿದರು. ಅಲ್ಲಿ ಹಿಂದೆ ದಡಾರ ಬಂದಿದ್ದು 1781ರಲ್ಲಿ. ಆಗ ಮಕ್ಕಳಾಗಿದ್ದು ದಡಾರ ಉಂಡಿದ್ದ ಮುದುಕರಲ್ಲಿ ಒಬ್ಬರಿಗೂ ಈ ಸಲ ಅದು ತಗುಲಿರಲಿಲ್ಲ. 65 ವರ್ಷ ಮೈ ಮರೆತಿರಲಿಲ್ಲ.

ಆದರೆ ಮುಳ್ಳಿನ ಗಾಯದಲ್ಲಿ ಈ ನೆನಪು ಕೈಕೊಡುವ ಒಂದು ಕಡೆ ಇದೆ, ಅದೇ ಧನುರ್ವಾಯು. ಮಣ್ಣು, ಸಗಣಿಯಲ್ಲಿರುವ ಆ ಬ್ಯಾಕ್ಟೀರಿಯಾ ಹೊರಹಾಕುವ ವಿಷ ಎಷ್ಟು ತೀಕ್ಷ್ಣವೆಂದರೆ, ಮನುಷ್ಯನನ್ನು ಕೊಲ್ಲಲು ಸಾಕಾಗುವ ಪ್ರಮಾಣ ನಮ್ಮ ಕೋಶಗಳಿಗೆ ಪಾಠ ಕಲಿಸಲು ಸಾಲದು. ಒಮ್ಮೆ ಧನುರ್ವಾಯು ಬಂದು ಬದುಕಿ ಉಳಿದವರಿಗೂ ಮತ್ತೆ ಬರಬಹುದು. ಅದಕ್ಕೇ ಆ ವಿಷವನ್ನು ಫಾರ್ಮಲಿನ್‌ನಲ್ಲಿ ನಿರಪಾಯಗೊಳಿಸಿ, ಕಲಿಯಲು ಸಾಕಾಗುವಷ್ಟನ್ನು ಚುಚ್ಚುಮದ್ದಿನಲ್ಲಿ ಕೊಡುತ್ತಾರೆ.

ಮೂರನೆಯ ದಿನ ನಾನು ಆರೋಗ್ಯ ಕೇಂದ್ರಕ್ಕೆ ಹೋದೆ. ಡಾಕ್ಟರು ಕೀವು ಬಿಡಿಸಿ ಮುಳ್ಳಿನ ತುದಿ ತೆಗೆದರು. ಅದನ್ನು ಕರಗಿಸುವುದು ಮೈಯ ಕೈಲಿ ಆಗುವ ಕೆಲಸವಲ್ಲ. ಪಕ್ಕದಲ್ಲಿದ್ದ ಸಿಸ್ಟರ್ ಕೇಳಿದರು, "ಟಿಟಿ ಹಾಕಿಸಿಕೊಂಡು ಎಷ್ಟು ವರ್ಷ ಆಯ್ತು ಸಾರ್?" ಲೆಕ್ಕ ಹಾಕಿದೆ. 15 ವರ್ಷ ಮೀರಿತ್ತು. ತೋಳು ಚಾಚಿದೆ. ಮಾರನೆಯ ಬೆಳಿಗ್ಗೆ ಸೂಜಿ ಚುಚ್ಚಿದ ಆ ಜಾಗವೂ ಕೆಂಪಗಾಗಿ, ಮುಟ್ಟಿದರೆ ಬೆಚ್ಚಗಿತ್ತು.

ನಮಸ್ಕಾರ.