ಇವತ್ತು ಡ್ಯಾಮಿನಲ್ಲಿ ಎಷ್ಟು ನೀರಿದೆ?

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಪ್ಪಳ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನನ್ನ ಅಕ್ಕನ ಮಗನಿಗೆ ರಕ್ತದ ಕ್ಯಾನ್ಸರ್ ಇದೆ ಅಂತ 2024ರ ಬೇಸಿಗೆಯಲ್ಲಿ ಗೊತ್ತಾಯಿತು. ಆಗ ಅವನಿಗೆ 15 ವರ್ಷ, ಒಂಬತ್ತನೇ ಕ್ಲಾಸು ಮುಗಿದಿತ್ತು. ಇದನ್ನೆಲ್ಲ ರೇಡಿಯೋದಲ್ಲಿ ಹೇಳಲಾ ಅಂತ ಅವನನ್ನೇ ಕೇಳಿದೆ. "ಹೆಸರು ಹೇಳಬ್ಯಾಡ ಮಾಮಾ, ಉಳದದ್ದು ಏನರ ಹೇಳು" ಅಂದ.

ಕ್ಯಾನ್ಸರ್ ಅಂದರೆ ನಮಗೆ ಕೂದಲು ಉದುರುವುದು, ವಾಂತಿ, ಖರ್ಚು ಇವೇ ಕಣ್ಣ ಮುಂದೆ ಬರುತ್ತವೆ. ಇವತ್ತು ನಾನು ಹೇಳುವುದು ಸುಸ್ತಿನ ಬಗ್ಗೆ ಮಾತ್ರ. ನಮ್ಮ ಕಡೆ "ಮೈಯಾಗ ತ್ರಾಣ ಇಲ್ಲ" ಅಂತಾರಲ್ಲ, ಅದು.

ದಿನವೆಲ್ಲ ಭತ್ತದ ನಾಟಿ ಮಾಡಿ ಬಂದವರಿಗೂ ಸುಸ್ತಾಗುತ್ತದೆ. ಆದರೆ ಉಂಡು ಮಲಗಿದರೆ ಬೆಳಿಗ್ಗೆ ಮೈ ಹಗುರ. ಈ ಸುಸ್ತು ಹಾಗಲ್ಲ. ಹತ್ತು ತಾಸು ಮಲಗಿ ಎದ್ದ ಹುಡುಗ ಹಲ್ಲುಜ್ಜುವುದರೊಳಗೆ ಗೋಡೆ ಹಿಡಿದು ನಿಲ್ಲುತ್ತಾನೆ. ಕಾರಣ ಒಂದೇ ಅಲ್ಲ. ಹಿಮೋಗ್ಲೋಬಿನ್ ಇಳಿದಿರುತ್ತದೆ. ಕಾಯಿಲೆ ಒಂದು ಕಡೆ, ಕೀಮೋ ಔಷಧಿ ಇನ್ನೊಂದು ಕಡೆ. ಸ್ಟಿರಾಯ್ಡ್ ಮಾತ್ರೆ ರಾತ್ರಿ ನಿದ್ದೆ ಕೆಡಿಸುತ್ತದೆ, ತೊಡೆಯ ಸ್ನಾಯುವನ್ನೂ ಸೊರಗಿಸುತ್ತದೆ, ಅದಕ್ಕೇ ನಮ್ಮ ಹುಡುಗನಿಗೆ ಚಾಪೆಯ ಮೇಲೆ ಕೂತರೆ ಕೈ ಊರದೆ ಏಳಲು ಆಗುತ್ತಿರಲಿಲ್ಲ. ಊಟ ಸೇರುವುದಿಲ್ಲ, ಮನಸ್ಸಿಗೆ ಬೇಸರ, ಭಯ. ಸುಸ್ತು ಅಂತ ದಿನವಿಡೀ ಮಲಗಿದರೆ ಮೈ ಇನ್ನಷ್ಟು ಸೋಲುತ್ತದೆ, ಅದು ಬೇರೆ.

ಮನೆಯಲ್ಲಿ ನಾವೇನು ಮಾಡುತ್ತಿದ್ದೆವು ಅಂದರೆ, ಅವರಪ್ಪ "ಏಳಪ್ಪಾ, ಸ್ವಲ್ಪ ಅಡ್ಡಾಡು, ಹಿಂಗ ಬಿದ್ಕೊಂಡ್ರ ಹೆಂಗ" ಅನ್ನುವುದು, ನಮ್ಮ ಅಕ್ಕ "ಅವನ ಗೊಡವಿಗೆ ಹೋಗಬ್ಯಾಡ್ರಿ" ಅಂತ ನೀರಿನ ಲೋಟವನ್ನೂ ಬಾಯಿಗೇ ಹಿಡಿಯುವುದು. ನಾನೋ, ಮಾಸ್ತರಿಕೆ ಬಿಡಲಿಲ್ಲ. ಹತ್ತನೇ ಕ್ಲಾಸು ಹಾಳಾಗಬಾರದು ಅಂತ ಬೀಜಗಣಿತದ ಲೆಕ್ಕ ಬರೆದುಕೊಟ್ಟೆ. ಮೂರನೇ ಲೆಕ್ಕಕ್ಕೆ ನೋಟ್‌ಬುಕ್ ಎಸೆದ. ಮೊಂಡ ಆಗಿದ್ದಾನೆ ಅಂದುಕೊಂಡೆ. ಈ ವಯಸ್ಸಿನವರು ಸುಸ್ತನ್ನು ಸುಸ್ತು ಅಂತ ಹೇಳುವುದು ಕಡಿಮೆ, ಅದು ಸಿಟ್ಟಾಗಿ ಇಲ್ಲವೇ ಮೌನವಾಗಿ ಹೊರಗೆ ಬರುತ್ತದೆ ಅನ್ನುವುದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಇಪ್ಪತ್ತು ವರ್ಷ ಹದಿಹರೆಯದವರಿಗೇ ಪಾಠ ಮಾಡಿದವನು ನಾನು!

ಅವನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಆ ಹೊತ್ತಿಗೆ ತಾನೇ ಒಬ್ಬನೇ ಗಂಗಾವತಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೊಡ್ಡವನಾಗಿದ್ದ, ಕಾಯಿಲೆ ಬಂದದ್ದೇ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಅನ್ನುವುದನ್ನೂ ಬೇರೆಯವರು ತೀರ್ಮಾನಿಸುವ ಹಾಗಾಗಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ನಿಮಗೆಲ್ಲ ನೆನಪಿರುತ್ತದೆ. ಎಡದಂಡೆ ಕಾಲುವೆ ನಂಬಿದ ನಮ್ಮ ಊರುಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಹುಡುಗ ಆಗ ಒಂದು ಕೀಮೋ ಮುಗಿಸಿ ಊರಿಗೆ ಬಂದಿದ್ದ. ಅವರಪ್ಪ ಮೊಬೈಲ್ ನೋಡುತ್ತಾ ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ ಓದುತ್ತಿದ್ದರು. ಮಂಚದ ಮೇಲಿಂದ ಇವನು "ನಂದೂ ಗೇಟ್ ಕಿತ್ತೈತಿ ಮಾಮಾ, ಒಳಗ ನೀರು ನಿಲ್ಲವಲ್ದು" ಅಂದ. ನಾವು ನಕ್ಕೆವು. ಆಮೇಲೆ ನಾನು ಸುಮ್ನೆ ಕೇಳಿದೆ, "ಹಂಗಾದ್ರ ಈಗ ಎಷ್ಟು ಟಿಎಂಸಿ ಐತಿ?" ಸ್ವಲ್ಪ ಹೊತ್ತು ಯೋಚನೆ ಮಾಡಿ "ಹದಿನೆಂಟು" ಅಂದ.

ಡ್ಯಾಂ ಭರ್ತಿ ಅಂದರೆ ಸುಮಾರು 105 ಟಿಎಂಸಿ. ಹದಿನೆಂಟು ಅಂದರೆ ಏನು ಅಂತ ನಮ್ಮ ಕಡೆ ಸಣ್ಣ ಮಕ್ಕಳಿಗೂ ಅರ್ಥವಾಗುತ್ತದೆ. ಆಸ್ಪತ್ರೆಯಲ್ಲಿ "ಸೊನ್ನೆಯಿಂದ ಹತ್ತರೊಳಗೆ ಎಷ್ಟು ಸುಸ್ತು" ಅಂತ ನರ್ಸ್ ಕೇಳಿದರೆ ಯಾವಾಗಲೂ ಐದು ಅನ್ನುತ್ತಿದ್ದ, ಕೇಳುವವರಿಗೂ ಹೇಳುವವನಿಗೂ ಬೇಜಾರು. ಡ್ಯಾಂ ಲೆಕ್ಕ ಮಾತ್ರ ಹಿಡಿಸಿತು. ಎಸೆದಿದ್ದ ನೋಟ್‌ಬುಕ್ಕಿನಲ್ಲೇ ದಿನಕ್ಕೆ ಮೂರು ಸಲ ಬರೆಯತೊಡಗಿದ. ಎಷ್ಟು ಟಿಎಂಸಿ, ಅದಕ್ಕೆ ಮೊದಲು ಏನು ಮಾಡಿದ್ದೆ, ಅಷ್ಟೇ.

ಎರಡು ವಾರದಲ್ಲಿ ನಮಗ್ಯಾರಿಗೂ ಕಾಣದ್ದು ಅವನಿಗೆ ಕಂಡಿತು. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ಒಳ್ಳೆಯ ಹೊತ್ತು. ಮಧ್ಯಾಹ್ನ ಮೂರಕ್ಕೆ ತಳ. ನಿಂತು ಸ್ನಾನ ಮಾಡಿದರೆ ಹದಿನೈದು ಟಿಎಂಸಿ ಖಾಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಮಾಡಿದರೆ ಐದು. ಕೀಮೋ ಆದ ದಿನಕ್ಕಿಂತ ಒಂದೆರಡು ವಾರದ ಮೇಲೆ ಜಾಸ್ತಿ ಇಳಿಯುತ್ತದೆ. ಎಷ್ಟೋ ಔಷಧಿಗಳಲ್ಲಿ ರಕ್ತದ ಕಣಗಳು ಕಡಿಮೆಯಾಗುವುದೂ ಆ ಹೊತ್ತಿಗೇ ಅಂತ ಆಮೇಲೆ ಡಾಕ್ಟರ್ ಹೇಳಿದರು. ನೋಟ್‌ಬುಕ್ ನೋಡಿ ಅವರಿಗೂ ಖುಷಿಯಾಯಿತು. ಅದುವರೆಗೆ ಡಾಕ್ಟರ ಮುಂದೆ ಅಕ್ಕನೇ ಎಲ್ಲ ಹೇಳುತ್ತಿದ್ದಳು, ಅವತ್ತು ಇವನು ಹೇಳಿದ, ಅವಳು ಕೇಳಿದಳು.

ಆಮೇಲೆ ಬಂತು ಜಗಳ. ನೀರು ಎಲ್ಲಿಗೆ ಬಿಡಬೇಕು ಅನ್ನುವ ಜಗಳ, ನಮ್ಮಲ್ಲಿ ಅದಿಲ್ಲದೆ ಆಗುತ್ತದಾ! ಹುಡುಗ ಸಂಜೆ ಐದಕ್ಕೆ ಬಯಲಿಗೆ ಹೋಗುತ್ತೇನೆ ಅಂದ. ಆಡುವುದಕ್ಕಲ್ಲ, ಕುರ್ಚಿ ಹಾಕಿಕೊಂಡು ಅಂಪೈರ್ ಆಗುವುದಕ್ಕೆ. ಅದಕ್ಕಾಗಿ ಮಧ್ಯಾಹ್ನ ಓದುವುದಿಲ್ಲ, ನೀರು ಉಳಿಸಿಕೊಳ್ಳುತ್ತೇನೆ ಅಂದ. ಓದಲು ತ್ರಾಣ ಇಲ್ಲ, ಕ್ರಿಕೆಟ್ಟಿಗೆ ಇದೆಯಾ ಅಂತ ಭಾವನಿಗೆ ಸಿಟ್ಟು. ನಾನು ಹುಡುಗನ ಪರ ನಿಂತೆ. ಇರುವ ತ್ರಾಣವೆಲ್ಲ ಸೂಜಿಗೆ, ಮಾತ್ರೆಗೆ, ಲೆಕ್ಕಕ್ಕೇ ಹೋದರೆ ಉಳಿಸಬೇಕು ಅಂತ ಯಾಕೆ ಅನ್ನಿಸಬೇಕು ಅವನಿಗೆ? ತಪ್ಪು ಲೆಕ್ಕವನ್ನೂ ಹಾಕಿದ. ಒಂದು ದಿನ ಇವತ್ತು ಎಂಬತ್ತೈತಿ ಅಂತ ಎರಡು ತಾಸು ಬಯಲಲ್ಲೇ ಇದ್ದು ಮುಂದೆ ಎರಡು ದಿನ ಮಂಚ ಬಿಡಲಿಲ್ಲ. ಅಕ್ಕ ಬೈಯಲು ಬಾಯಿ ತೆರೆದಳು. ಸುಮ್ಮನಿರು ಅಂತ ಸನ್ನೆ ಮಾಡಿದೆ. ಮೊದಲ ಬೆಳೆಗೇ ಎಲ್ಲ ನೀರು ಬಿಟ್ಟರೆ ಎರಡನೇ ಬೆಳೆ ಗತಿಯೇನು ಅಂತ ರೈತನ ಮಗನಿಗೆ ನಾವು ಹೇಳಬೇಕಾ?

ನಡಿಗೆಯ ವಿಷಯ. ಸುಸ್ತಾದವನಿಗೆ ನಡೆ ಅನ್ನುವುದು ವಿಚಿತ್ರ ಅನ್ನಿಸುತ್ತದೆ. ಆದರೆ ಈ ಸುಸ್ತನ್ನು ಕಡಿಮೆ ಮಾಡುವುದರಲ್ಲಿ ಹಗುರವಾದ ವ್ಯಾಯಾಮಕ್ಕೆ ಒಳ್ಳೆಯ ಆಧಾರವಿದೆ, ಕ್ಯಾನ್ಸರ್ ಡಾಕ್ಟರರು ಈಗ ಅದನ್ನೇ ಹೇಳುತ್ತಾರೆ. ಮೊದಲು ಐದು ನಿಮಿಷ, ಒಂದು ವಾರ ಬಿಟ್ಟು ಏಳು, ಆಮೇಲೆ ಹತ್ತು. ನಮ್ಮ ಬಿಸಿಲಿನಲ್ಲಿ ಏಳು ಗಂಟೆಯೊಳಗೆ ಮುಗಿಸಬೇಕು, ಎಂಟಕ್ಕೆ ಹೊರಟರೆ ಆರೋಗ್ಯವಂತರೇ ಬಸವಳಿಯುತ್ತಾರೆ. ಜ್ವರ ಇದ್ದ ದಿನ, ಪ್ಲೇಟ್‌ಲೆಟ್ ತೀರಾ ಇಳಿದ ದಿನ ಬೇಡ. ಮೂಳೆಯ ಕ್ಯಾನ್ಸರ್ ಇರುವ ಮಕ್ಕಳು ಯಾವ ವ್ಯಾಯಾಮ ಸರಿ ಅಂತ ಕೇಳಿಕೊಂಡೇ ಶುರು ಮಾಡಬೇಕು.

ಮಧ್ಯಾಹ್ನದ ನಿದ್ದೆ ಅರ್ಧ ತಾಸು ಸಾಕು. ಮೂರು ತಾಸು ಮಲಗಿದರೆ ರಾತ್ರಿ ಎರಡರ ತನಕ ಮೊಬೈಲು. ಇನ್ನೊಂದು ಮಾತು, ಈ ವಯಸ್ಸಿನಲ್ಲಿ ಎಲ್ಲ ಮಕ್ಕಳ ಮೈಯ ಗಡಿಯಾರವೂ ಸ್ವಲ್ಪ ಹಿಂದೆ ಓಡುತ್ತದೆ, ರಾತ್ರಿ ಬೇಗ ನಿದ್ದೆ ಬರುವುದಿಲ್ಲ. ಎಲ್ಲವನ್ನೂ ಸೋಮಾರಿತನ ಅನ್ನಬೇಡಿ. ಅಲಾರಂ ಅವರೇ ಇಟ್ಟುಕೊಳ್ಳಲಿ.

ಮಾತಾಡಿಸಲು ಬರುವವರ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ತಪ್ಪು ತಿಳಿಯುತ್ತಾರೆ, ಹೋಗುತ್ತೇವೆ, ಹೋದಮೇಲೆ ಒಂದು ತಾಸು ಏಳುವುದಿಲ್ಲ, ಮಧ್ಯೆ ಯಾರೋ ಸೆರಗು ಬಾಯಿಗಿಟ್ಟು ಅಳುತ್ತಾರೆ, ಹುಡುಗನೇ ಅವರಿಗೆ ಸಮಾಧಾನ ಹೇಳಬೇಕು. ನೋಟ್‌ಬುಕ್ಕಿನಲ್ಲಿ ಅದಕ್ಕೆ ಇಪ್ಪತ್ತು ಟಿಎಂಸಿ ಬರೆದಿದ್ದ. ಕೊನೆಗೆ ತಾಯಿ ಮಗ ಒಂದು ಗುಟ್ಟು ಮಾಡಿಕೊಂಡರು. ಅವನು ದಿಂಬು ತೊಡೆಯ ಮೇಲೆ ಇಟ್ಟುಕೊಂಡರೆ ಅಕ್ಕ "ಔಷಧ ಕೊಡೂ ಹೊತ್ತಾತು" ಅಂತ ಏಳುತ್ತಾಳೆ. ಬಂದವರೂ ಏಳುತ್ತಾರೆ.

ಬಂದವರು ಖರ್ಜೂರ, ಬೀಟ್‌ರೂಟ್ ತರುತ್ತಾರೆ, ರಕ್ತ ಆಗಲಿ ಅಂತ. ತಿನ್ನಲಿ ಬಿಡಿ. ಆದರೆ ಕಬ್ಬಿಣದ ಟಾನಿಕ್, ನಾಟಿ ಔಷಧ ಡಾಕ್ಟರನ್ನು ಕೇಳದೆ ಬೇಡವೇ ಬೇಡ. ಇಲ್ಲಿ ಹಿಮೋಗ್ಲೋಬಿನ್ ಇಳಿಯುವುದು ಹೆಚ್ಚಾಗಿ ಕಬ್ಬಿಣ ಕಡಿಮೆಯಾಗಿ ಅಲ್ಲ, ಮತ್ತೆ ಮತ್ತೆ ರಕ್ತ ಏರಿಸಿದವರ ಮೈಯಲ್ಲಿ ಕಬ್ಬಿಣ ಹೆಚ್ಚೇ ಆಗಿರಬಹುದು.

ಒಂದು ಕಡೆ ಮಾತ್ರ ಹುಡುಗನ ಲೆಕ್ಕಕ್ಕೂ ಕಾಯಬೇಡಿ. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ, ಉಸಿರು ಕಟ್ಟಿದಂತಾದರೆ, ಎಲ್ಲಾದರೂ ರಕ್ತ ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಅದು ಸುಸ್ತಲ್ಲ. ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅನ್ನಬೇಡಿ.

ಬೆಂಗಳೂರಿಗೆ ಹೋಗುವುದೂ ಒಂದು ದೊಡ್ಡ ಖರ್ಚು, ದುಡ್ಡಿನದಷ್ಟೇ ಅಲ್ಲ. ನಾವು ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತೇವೆ, ಮಲಗಿಕೊಂಡು ಹೋಗಬಹುದು. ಆಸ್ಪತ್ರೆಯವರಿಂದ ರಿಯಾಯಿತಿಯ ಫಾರಂ ಬರೆಸಿಕೊಂಡರೆ ಸ್ಲೀಪರ್‌ನಲ್ಲೂ ಥರ್ಡ್ ಎಸಿಯಲ್ಲೂ ಕ್ಯಾನ್ಸರ್ ರೋಗಿಗೆ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು ಮಾಫಿ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ವಾಪಸ್ ಬಂದ ಮರುದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ನನ್ನಂಥ ಮಾಸ್ತರರಿಗೆ ಒಂದು ಮಾತು. ಇಂಥ ಮಕ್ಕಳು ಎರಡು ಪೀರಿಯಡ್ ಕೂತು ಮನೆಗೆ ಹೋಗುತ್ತೇನೆ ಅಂದರೆ ಕಳಿಸಿ, ಯಾಕೆ ಅಂತ ಎಲ್ಲರ ಮುಂದೆ ಕೇಳಬೇಡಿ. ಯಾವ ಎರಡು ಪೀರಿಯಡ್ ಅಂತ ಅವರೇ ಆರಿಸಿಕೊಳ್ಳಲಿ. ನಮ್ಮ ಹುಡುಗ ಗಣಿತ ಆರಿಸಲಿಲ್ಲ ಅನ್ನುವುದು ನನಗಿನ್ನೂ ಸ್ವಲ್ಪ ಬೇಜಾರೇ.

ಈಗ ಅವನಿಗೆ ಮಾತ್ರೆಗಳಷ್ಟೇ ನಡೆದಿವೆ. ಅವನಿಗೆ ಬಂದಿರುವ ಬಗೆಯ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡು ಮೂರು ವರ್ಷ ಎಳೆಯುತ್ತದೆ. ನಿನ್ನೆ ರಾತ್ರಿ ಫೋನ್ ಮಾಡಿ, ನಾಳೆ ರೇಡಿಯೋದಲ್ಲಿ ಮಾತಾಡುತ್ತೇನೆ, ಕೇಳುತ್ತೀಯಾ ಅಂದೆ.

"ಎಷ್ಟೊತ್ತಿಗಿ?"

ಹೇಳಿದೆ.

"ಇಲ್ಲ ಮಾಮಾ. ಅರವತ್ತೈತಿ. ಸಂಜಿ ಮ್ಯಾಚ್ ಐತಿ, ಆ ಹೊತ್ತಿನ್ಯಾಗ ನಾ ಮಲಗ್ತೀನಿ."

ನಮಸ್ಕಾರ.